ದೂರವಾಣಿ ಯಂತ್ರಗಳ ಸ್ಥಿರಪಾಠವೂ ಅದರ ಪರಿಷ್ಕರಣವೂ

ಕಾರವಾರ, ಅಂಕೋಲೆಗಳ ಕಚೇರಿ, ಬ್ಯಾಂಕು, ಆಸ್ಪತ್ರೆ, ವಿದ್ಯಾಲಯ ಇವೇ ಮೊದಲಾದ ಸ್ಥಳಗಳಲ್ಲಿ ಮೇಜಿನ ಮೇಲೆ ಕಾಣುವ ದೂರವಾಣಿಯು ಈಗ ಅನೇಕ ಕಡೆ ತಂತಿಯ ತುದಿಗೆ ಕಟ್ಟಿದ ಬರಿಯ ಉಪಕರಣವಾಗಿ ಉಳಿದಿಲ್ಲ. ಅದೊಂದು ಚಿಕ್ಕ ಗಣಕಯಂತ್ರವೇ ಆಗಿದೆ. ಯಾವ ಗುಂಡಿಯನ್ನು ಒತ್ತಿದರೆ ಏನು ನಡೆಯಬೇಕು, ಒಳಗಿನ ಕರೆ ಯಾವುದು, ಹೊರಗಿನದು ಯಾವುದು, ಧ್ವನಿಯನ್ನು ಅಂಕಗಳಾಗಿ ಒಡೆದು ಕಳುಹಿಸುವುದು ಹೇಗೆ ಎಂಬ ವಿಧಿಗಳೆಲ್ಲವೂ ಅದರ ಗರ್ಭದಲ್ಲಿ ಒಂದು ಪಾಠದ ರೂಪದಲ್ಲಿ ಲಿಖಿತವಾಗಿರುತ್ತವೆ. ಕಚೇರಿಯ ಒಳಗಿನ ದೂರವಾಣಿಗಳನ್ನೆಲ್ಲ ಕೂಡಿಸುವ ಪಿ.ಬಿ.ಎಕ್ಸ್. ಎಂಬ ಪೆಟ್ಟಿಗೆಗೂ ಇಂತಹ ಪಾಠವೇ ಪ್ರಾಣ. ಈ ಪಾಠವನ್ನು ಆಗಾಗ್ಗೆ ತಿದ್ದಿ ಹೊಸದನ್ನು ತುಂಬಬೇಕಾಗುವುದು. ಆ ಪರಿಷ್ಕರಣದ ಸ್ವರೂಪವೇನು, ಅದರ ಪ್ರಯೋಜನವೇನು, ಅದರಲ್ಲಿ ಅಡಗಿರುವ ಅಪಾಯವೇನು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ಯಂತ್ರದ ಲೋಹಮಯವಾದ ಅಂಗಗಳಿಗೆ ಹಾರ್ಡ್‌ವೇರ್ ಎಂದೂ, ಅದನ್ನು ನಡೆಯಿಸುವ ಲಿಖಿತ ವಿಧಿಗಳಿಗೆ ಸಾಫ್ಟ್‌ವೇರ್ ಎಂದೂ ಆಂಗ್ಲಭಾಷೆಯಲ್ಲಿ ಸಂಜ್ಞೆಗಳುಂಟು. ಒಂದು ಕಠಿನ, ಮತ್ತೊಂದು ಮೃದು. ಇವೆರಡರ ನಡುವೆ ನಿಲ್ಲುವುದಕ್ಕೆ ಫರ್ಮ್‌ವೇರ್ ಎಂಬ ಪದವನ್ನು 1967ರಲ್ಲಿ ಆಶರ್ ಓಪ್ಲರ್ ಎಂಬ ಅಮೆರಿಕದ ಗಣಕಶಾಸ್ತ್ರಜ್ಞರು ಬಳಕೆಗೆ ತಂದರು. ಅವರ ಪ್ರಯೋಗದಲ್ಲಿ ಅದಕ್ಕೆ ಸಂಕುಚಿತವಾದ ಅರ್ಥವಿದ್ದಿತು. ಕ್ರಮೇಣ ಅರ್ಥವು ವಿಸ್ತಾರಗೊಂಡು, ಯಂತ್ರದೊಳಗೇ ನೆಲೆಯಾಗಿ ನಿಂತ ಪಾಠಕ್ಕೆಲ್ಲ ಅದು ಸಲ್ಲುವಂತಾಯಿತು. ಕನ್ನಡದಲ್ಲಿ ಇದನ್ನು ಸ್ಥಿರಪಾಠವೆಂದು ಕರೆಯಬಹುದು. ಆದರೆ ಇಲ್ಲಿ ಸ್ಥಿರವೆಂದರೆ ಎಂದೂ ಮಾರ್ಪಡದುದು ಎಂಬ ಅರ್ಥವಲ್ಲ. ವಿದ್ಯುತ್ತು ನಿಂತರೂ ಅಳಿಯದುದು ಎಂದಷ್ಟೇ ಅರ್ಥ.

ಈ ಸ್ಥಿತಿ ಬಂದುದು ಒಮ್ಮೆಲೇ ಅಲ್ಲ. 1891ರಲ್ಲಿ ಆಲ್ಮನ್ ಸ್ಟ್ರೌಜರ್ ಎಂಬವರು ಸ್ವಾಮ್ಯಪತ್ರ ಪಡೆದ ಸ್ವಯಂಚಾಲಿತ ವಿನಿಮಯ ಯಂತ್ರದಲ್ಲಿ ವಿಧಿಯೆಲ್ಲವೂ ಲೋಹದಲ್ಲಿಯೇ ಇದ್ದಿತು. ಅಂಕಿಯನ್ನು ಸೂಚಿಸಿದಂತೆ ಲೋಹದ ತೋಳು ಮೆಟ್ಟಿಲು ಮೆಟ್ಟಿಲಾಗಿ ಏರಿ ತಿರುಗುತ್ತಿತ್ತು. ಅಲ್ಲಿ ನಿಯಮವನ್ನು ಬದಲಿಸಬೇಕಾದರೆ ಯಂತ್ರವನ್ನೇ ಬಿಚ್ಚಬೇಕು. ಭಾರತದಲ್ಲಿ 1984ರಲ್ಲಿ ಸಿ-ಡಾಟ್ ಎಂಬ ಸಂಶೋಧನ ಸಂಸ್ಥೆ ಸ್ಥಾಪಿತವಾಯಿತು. ಅದು ಹಳ್ಳಿಗಳಿಗಾಗಿ ರಚಿಸಿದ ಚಿಕ್ಕ ವಿದ್ಯುನ್ಮಾನ ವಿನಿಮಯ ಕೇಂದ್ರವು 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ಹೀಗೆ ದೇಶೀಯ ವಿದ್ಯುನ್ಮಾನ ದೂರವಾಣಿಯ ಚರಿತ್ರೆಯಲ್ಲಿ ಕನ್ನಡ ನಾಡಿಗೆ ಮೊದಲ ಪುಟಗಳಲ್ಲಿಯೇ ಸ್ಥಾನ ದೊರೆತಿದೆ. ವಿನಿಮಯ ಯಂತ್ರದ ವಿಧಿಯು ಲೋಹವನ್ನು ಬಿಟ್ಟು ಲಿಖಿತಕ್ಕೆ ಇಳಿದುದು ಇಂತಹ ಯಂತ್ರಗಳಿಂದಲೇ. ಆ ಕಾಲದಲ್ಲಿ ಯಂತ್ರಗಳ ಪಾಠವನ್ನು ಈಪ್ರಾಮ್ ಎಂಬ ಚಿಪ್ಪಿನಲ್ಲಿ ಬರೆಯುವುದು ವಾಡಿಕೆಯಾಗಿತ್ತು. ಅದರ ಮೇಲ್ಭಾಗದಲ್ಲಿ ಸ್ಫಟಿಕದ ಚಿಕ್ಕ ಕಿಟಕಿ. ಅದರ ಮೂಲಕ ನೇರಳಾತೀತ ಕಿರಣವನ್ನು ಹಾಯಿಸಿದರೆ ಹಳೆಯ ಬರೆಹವು ಅಳಿಯುವುದು. ಬಳಿಕ ಹೊಸದನ್ನು ಬರೆದು ಚಿಪ್ಪನ್ನು ಕೈಯಿಂದಲೇ ಯಂತ್ರದಲ್ಲಿ ಕೂಡಿಸಬೇಕು. ಜಪಾನಿನ ಫುಜಿಯೊ ಮಸುವೊಕ ಅವರು 1984ರಲ್ಲಿ ಲೋಕಕ್ಕೆ ಪರಿಚಯಿಸಿದ ಫ್ಲ್ಯಾಶ್ ಸ್ಮೃತಿಯು ರೂಢಿಗೆ ಬಂದ ಮೇಲೆ ಚಿಪ್ಪನ್ನು ಕೀಳುವ ಶ್ರಮ ತಪ್ಪಿತು. ಈಗ ಕಾರವಾರದ ಕಚೇರಿಯ ದೂರವಾಣಿಯು ಎಲ್ಲಿಯೋ ಇರುವ ಸರ್ವರಿನಿಂದ ತನ್ನ ಹೊಸ ಪಾಠವನ್ನು ತಾನೇ ತರಿಸಿಕೊಳ್ಳಬಲ್ಲದು. ಕೆಲಸ ಸುಲಭವಾಯಿತು, ಸುಲಭವಾದುದರಿಂದಲೇ ಅಜಾಗರೂಕತೆಗೆ ಎಡೆಯೂ ಹೆಚ್ಚಿತು.

ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ತಿಳಿಯತಕ್ಕದ್ದು. ಪಾಣಿನಿಯ ವ್ಯಾಕರಣದಲ್ಲಿ ಸೂತ್ರಪಾಠ ಬೇರೆ, ಗಣಪಾಠ ಬೇರೆ. ಸರ್ವಾದಿಗಳಿಗೆ ಸರ್ವನಾಮಸಂಜ್ಞೆಯನ್ನು ವಿಧಿಸುವ ಸೂತ್ರವು ಆ ಶಬ್ದಗಳ ಪಟ್ಟಿಯನ್ನು ಹೇಳುವುದಿಲ್ಲ, ಪಟ್ಟಿಯು ಗಣಪಾಠದಲ್ಲಿದೆ. ದೂರವಾಣಿ ಯಂತ್ರದಲ್ಲಿಯೂ ಇದೇ ವ್ಯವಸ್ಥೆ. ಸ್ಥಿರಪಾಠವು ಸೂತ್ರಸ್ಥಾನದಲ್ಲಿದೆ, ಅದನ್ನು ತಯಾರಕರು ರಚಿಸುವರು, ಎಲ್ಲ ಊರಿಗೂ ಅದು ಒಂದೇ. ಯಾವ ಸಂಖ್ಯೆ ಯಾವ ಮೇಜಿಗೆ, ಯಾರಿಗೆ ಹೊರಕರೆಯ ಅನುಮತಿ, ಯಾವ ಅಂಕಿಯಿಂದ ಹೊರದಾರಿ ತೆರೆಯಬೇಕು ಎಂಬ ವಿವರಗಳು ಗಣಸ್ಥಾನದವು. ಇವಕ್ಕೆ ಕಾನ್ಫಿಗರೇಷನ್ ಎಂದು ಹೆಸರು. ಇವುಗಳನ್ನು ಆಯಾ ಕಚೇರಿಯವರೇ ತುಂಬಿರುತ್ತಾರೆ.

ಈ ಭೇದವನ್ನರಿಯದೆ ಆಗುವ ಗೊಂದಲಕ್ಕೆ ಒಂದು ನಿದರ್ಶನ ಹತ್ತಿರದಲ್ಲಿಯೇ ಇದೆ. 2021ನೆಯ ಜನವರಿ 15ರಿಂದ ಭಾರತದಲ್ಲಿ ಸ್ಥಿರದೂರವಾಣಿಯಿಂದ ಮೊಬೈಲಿಗೆ ಕರೆಮಾಡುವಾಗ ಸಂಖ್ಯೆಯ ಹಿಂದೆ ಸೊನ್ನೆಯನ್ನು ಸೇರಿಸಬೇಕೆಂಬ ನಿಯಮ ಜಾರಿಗೆ ಬಂದಿತು. ಅನೇಕ ಕಚೇರಿಗಳಲ್ಲಿ ಹೊರದಾರಿಯನ್ನು ತೆರೆಯುವ ಅಂಕಿಯೂ ಸೊನ್ನೆಯೇ. ಆದುದರಿಂದ ಅಲ್ಲಿ ಎರಡು ಸೊನ್ನೆಗಳು ಬೇಕಾದುವು: ಮೊದಲನೆಯದು ಕಚೇರಿಯ ಪೆಟ್ಟಿಗೆಗೆ, ಎರಡನೆಯದು ಹೊರಗಿನ ವಿನಿಮಯ ಕೇಂದ್ರಕ್ಕೆ. ಇಂತಹ ಸಂದರ್ಭದಲ್ಲಿ ಸ್ಥಿರಪಾಠವನ್ನು ಬದಲಿಸುವ ಅಗತ್ಯವು ಸಾಮಾನ್ಯವಾಗಿ ಇರುವುದಿಲ್ಲ; ಪಟ್ಟಿಯಲ್ಲಿ ಒಂದು ನಿಯಮವನ್ನು ತಿದ್ದಿದರೆ ಎರಡನೆಯ ಸೊನ್ನೆಯನ್ನು ಯಂತ್ರವೇ ಸೇರಿಸಿಕೊಳ್ಳುವುದು. ಗಣಪಾಠದ ದೋಷಕ್ಕೆ ಸೂತ್ರವನ್ನು ತಿದ್ದಹೊರಡುವುದು ವ್ಯರ್ಥಶ್ರಮ.

ಹಾಗಾದರೆ ಸ್ಥಿರಪಾಠವನ್ನು ಪರಿಷ್ಕರಿಸುವುದೇಕೆ? ಇಲ್ಲಿ ಒಂದು ಪೂರ್ವಪಕ್ಷವುಂಟು: ಸರಿಯಾಗಿ ನಡೆಯುತ್ತಿರುವ ಯಂತ್ರವನ್ನು ಮುಟ್ಟಬಾರದು, ಮುಟ್ಟಿದರೆ ಕೆಡುವುದು ಎಂದು. ಲೋಕಾನುಭವವು ಈ ಮಾತಿಗೆ ಬಲವನ್ನು ಕೊಡುತ್ತದೆ. ಆದರೆ ಸರಿಯಾಗಿ ನಡೆಯುತ್ತಿದೆ ಎಂಬುದು ಮೇಲ್ನೋಟದ ಮಾತು. ಪಾಠದಲ್ಲಿ ಅಡಗಿದ ಬಿರುಕು ಯಜಮಾನನಿಗೆ ಕಾಣದಿದ್ದರೂ ದೂರದ ಚೋರನಿಗೆ ಕಾಣಬಹುದು. ಅವನು ಅಂತರ್ಜಾಲದ ಮೂಲಕ ಪಿ.ಬಿ.ಎಕ್ಸ್. ಒಳಹೊಕ್ಕು, ರಾತ್ರಿಯೆಲ್ಲ ಪರದೇಶಗಳಿಗೆ ದುಬಾರಿ ಕರೆಗಳನ್ನು ಮಾಡಿಸಿ, ಅದರಲ್ಲಿ ಲಾಭ ಪಡೆಯುವನು. ಶುಲ್ಕವು ಕಚೇರಿಯ ತಲೆಯ ಮೇಲೆ ಬೀಳುವುದು. ಈ ಬಗೆಯ ವಂಚನೆಯು ಲೋಕದಾದ್ಯಂತ ತಿಳಿದಿರುವುದೇ. ಇಂತಹ ಬಿರುಕುಗಳನ್ನು ಮುಚ್ಚುವುದು ಪರಿಷ್ಕರಣದ ಮೊದಲನೆಯ ಪ್ರಯೋಜನ. ಧ್ವನಿ ತುಂಡಾಗುವುದು, ಕರೆ ನಡುವೆ ಕಡಿಯುವುದು ಮೊದಲಾದ ದೋಷಗಳ ನಿವಾರಣೆ ಎರಡನೆಯದು. ಸುತ್ತಲಿನ ಜಾಲವು ಬದಲಾದಾಗ ಅದರೊಡನೆ ಹೊಂದಿಕೊಳ್ಳುವುದು ಮೂರನೆಯದು.

ಇದಕ್ಕೆ ವಿರುದ್ಧವಾದ ಇನ್ನೊಂದು ಪಕ್ಷವೂ ಉಂಟು: ಹೊಸತು ಬಂದೊಡನೆ ಎಲ್ಲ ಯಂತ್ರಗಳಿಗೂ ತುಂಬಿಬಿಡಬೇಕು ಎಂದು. ಇದೂ ಸಾಧುವಲ್ಲ. 1990ನೆಯ ಜನವರಿ 15ರಂದು ಅಮೆರಿಕದ ಎ.ಟಿ. ಅಂಡ್ ಟಿ. ಸಂಸ್ಥೆಯ ದೂರಗಾಮಿ ದೂರವಾಣಿ ಜಾಲವು ಸುಮಾರು ಒಂಬತ್ತು ಗಂಟೆಗಳ ಕಾಲ ಕುಸಿದುಬಿದ್ದಿತು. ಅದರ 114 ವಿನಿಮಯ ಯಂತ್ರಗಳಿಗೂ ಕೆಲವು ವಾರಗಳ ಹಿಂದೆಯಷ್ಟೇ ಪರಿಷ್ಕೃತ ಪಾಠವನ್ನು ತುಂಬಲಾಗಿತ್ತು. ನ್ಯೂಯಾರ್ಕಿನ ಒಂದು ಯಂತ್ರವು ಅಲ್ಪ ದೋಷದಿಂದ ಕ್ಷಣಕಾಲ ನಿಂತು, ಚೇತರಿಸಿಕೊಂಡು, ನೆರೆಯ ಯಂತ್ರಗಳಿಗೆ ಸಂದೇಶಗಳನ್ನು ಕಳುಹಿಸಿತು. ಒಂದನ್ನು ಓದುತ್ತಿರುವಾಗಲೇ ಮತ್ತೊಂದು ಬಂದರೆ ಹೊಸ ಪಾಠವು ತಪ್ಪುದಾರಿ ಹಿಡಿಯುತ್ತಿತ್ತು. ಕಾರಣ, ಅದರಲ್ಲಿ ಅಸ್ಥಾನದಲ್ಲಿ ಬಿದ್ದಿದ್ದ ಒಂದೇ ಒಂದು ಪದ. ನೆರೆಯ ಯಂತ್ರವೂ ನಿಂತಿತು, ಚೇತರಿಸಿತು, ತನ್ನ ನೆರೆಯವಕ್ಕೆ ತಿಳಿಸಿತು, ಅವೂ ನಿಂತುವು. ಎಲ್ಲ ಯಂತ್ರಗಳಲ್ಲಿಯೂ ಒಂದೇ ಪಾಠವಿದ್ದುದರಿಂದ ಒಂದರ ದೋಷವು ಎಲ್ಲವುಗಳ ದೋಷವಾಯಿತು. ಅಸ್ಥಾನಪದದೋಷವನ್ನು ಕಾವ್ಯದಲ್ಲಿ ಮಾತ್ರ ಕಂಡವರಿಗೆ ಅದರ ಲೌಕಿಕ ಫಲವು ಇಷ್ಟು ಭಾರವೆಂದು ತೋರಲಾರದು.

ಆದಕಾರಣ ಮುಟ್ಟಲೇಬಾರದೆಂಬುದೂ ಸಲ್ಲದು, ಒಡನೆಯೇ ತುಂಬಬೇಕೆಂಬುದೂ ಸಲ್ಲದು. ಕ್ರಮವನ್ನರಿತು ಪರಿಷ್ಕರಿಸಬೇಕೆಂಬುದೇ ಸಿದ್ಧಾಂತ. ಆ ಕ್ರಮವಾದರೋ ಹೀಗಿದೆ.

ಮೊದಲನೆಯದು ವೃತ್ತಿಯನ್ನು ಓದುವುದು. ಉತ್ತರ ಕನ್ನಡದ ಜೈನ ಮಠಪರಂಪರೆಗೆ ಸೇರಿದ ಭಟ್ಟಾಕಳಂಕದೇವನು 1604ರಲ್ಲಿ ಕನ್ನಡಕ್ಕೆ ವ್ಯಾಕರಣವನ್ನು ರಚಿಸಿದಾಗ 592 ಸೂತ್ರಗಳನ್ನಷ್ಟೇ ಕೊಟ್ಟು ಸುಮ್ಮನಾಗಲಿಲ್ಲ. ವೃತ್ತಿಯನ್ನೂ ವ್ಯಾಖ್ಯಾನವನ್ನೂ ತಾನೇ ಬರೆದನು. ಹಾಗೆಯೇ ಒಳ್ಳೆಯ ತಯಾರಕರು ಹೊಸ ಪಾಠದೊಡನೆ ಏನೇನು ತಿದ್ದಿದೆ, ಯಾವ ಮಾದರಿಯ ಯಂತ್ರಕ್ಕೆ ಸಲ್ಲುವುದು, ಹಿಂದಿನ ಯಾವ ಪಾಠದಿಂದ ನೇರವಾಗಿ ಏರಬಹುದು ಎಂಬ ಟಿಪ್ಪಣಿಯನ್ನು ಕೊಡುತ್ತಾರೆ. ಕೆಲವು ಯಂತ್ರಗಳಲ್ಲಿ ಬಹು ಹಳೆಯ ಪಾಠದಿಂದ ಇತ್ತೀಚಿನದಕ್ಕೆ ಒಮ್ಮೆಲೇ ಹಾರಲಾಗದು. ನಡುವಿನ ಮೆಟ್ಟಿಲನ್ನು ಹತ್ತಿಯೇ ಹೋಗಬೇಕು.

ಎರಡನೆಯದು ಪಾಠಶುದ್ಧಿಯ ಪರೀಕ್ಷೆ. ಅಂಕೋಲೆಯ ದಕ್ಷಿಣಕ್ಕೆ ಗಂಗಾವಳಿಯ ಆಚೆಯಿರುವ ಗೋಕರ್ಣವು ವೇದಾಧ್ಯಯನಕ್ಕೆ ಹೆಸರಾದ ಕ್ಷೇತ್ರ. ವೇದಪಾಠದ ಜಟಾಕ್ರಮದಲ್ಲಿ ಎರಡು ಪದಗಳನ್ನು ಮೊದಲು ಕ್ರಮವಾಗಿ, ಬಳಿಕ ವ್ಯುತ್ಕ್ರಮವಾಗಿ, ಮತ್ತೆ ಕ್ರಮವಾಗಿ ಉಚ್ಚರಿಸುವರು. ಒಂದು ಸ್ವರ ತಪ್ಪಿದರೂ ಅಲ್ಲಿ ಸಿಕ್ಕಿಬೀಳುವುದು. ಸ್ಥಿರಪಾಠಕ್ಕೂ ಇಂತಹ ಕಾವಲುಂಟು: ಇಡೀ ಪಾಠವನ್ನು ಗಣಿತಕ್ರಿಯೆಗೆ ಒಳಪಡಿಸಿದರೆ ಒಂದು ಸಂಖ್ಯೆ ಬರುವುದು, ಪಾಠದಲ್ಲಿ ಒಂದಕ್ಷರ ವ್ಯತ್ಯಾಸವಾದರೂ ಆ ಸಂಖ್ಯೆ ಬೇರೆಯಾಗುವುದು. ತಯಾರಕರು ಪ್ರಕಟಿಸಿದ ಸಂಖ್ಯೆಯೊಡನೆ ಇದನ್ನು ಹೋಲಿಸಿ ನೋಡಬೇಕು. ತಯಾರಕರ ವಿದ್ಯುನ್ಮಾನ ಮುದ್ರೆಯಿದ್ದರೆ ಅದನ್ನು ಬಹುಮಟ್ಟಿಗೆ ಯಂತ್ರವೇ ಪರೀಕ್ಷಿಸುವುದು. ಆದರೆ ಮುದ್ರೆಯೊಂದೇ ಸಾಲದು. ವಾಣಿಜ್ಯ ದೂರವಾಣಿಯ ತಂತ್ರಾಂಶವನ್ನು ತಯಾರಿಸುವ ಥ್ರೀ ಸಿ.ಎಕ್ಸ್. ಸಂಸ್ಥೆಯ ಗಣಕಗಳಿಗಾಗಿ ಹೊರಟ ಅಧಿಕೃತ ಪರಿಷ್ಕರಣದಲ್ಲಿಯೇ, ಮುದ್ರೆಸಹಿತವಾಗಿ, ಚೋರರ ಪಾಠವು ಸೇರಿದ್ದುದು 2023ರ ಮಾರ್ಚಿನಲ್ಲಿ ಬೆಳಕಿಗೆ ಬಂದಿತು. ಹೊಸ ಪಾಠದ ವಿಷಯದಲ್ಲಿ ಕೆಲವು ದಿನ ಕಾದು ಲೋಕವಾರ್ತೆಯನ್ನು ಕೇಳುವುದು ಆದುದರಿಂದ ಆಲಸ್ಯವಲ್ಲ, ವಿವೇಕ. ಚೋರರು ಆಗಲೇ ಬಳಸುತ್ತಿರುವ ಬಿರುಕನ್ನು ಮುಚ್ಚುವ ಪಾಠವಾದರೆ ಮಾತ್ರ ಈ ಕಾಯುವಿಕೆಯನ್ನು ಮೊಟಕುಗೊಳಿಸಬೇಕು.

ಮೂರನೆಯದು ಪೂರ್ವಪಾಠದ ರಕ್ಷಣೆ. ಹಸ್ತಪ್ರತಿಯನ್ನು ಸಂಪಾದಿಸುವವನು ತಾನು ಒಪ್ಪದ ಪಾಠಾಂತರವನ್ನು ಹರಿದೊಗೆಯುವುದಿಲ್ಲ, ಅಡಿಯಲ್ಲಿ ಉಳಿಸಿಕೊಳ್ಳುತ್ತಾನೆ. ಇಲ್ಲಿಯೂ ಹಳೆಯ ಸ್ಥಿರಪಾಠದ ಪ್ರತಿಯನ್ನೂ ಕಚೇರಿಯ ಪಟ್ಟಿಯ ಪ್ರತಿಯನ್ನೂ ಬೇರೊಂದು ಸ್ಥಳದಲ್ಲಿ ತೆಗೆದಿಡಬೇಕು. ಪಟ್ಟಿಯ ಪ್ರತಿ ವಿಶೇಷವಾಗಿ ಅಮೂಲ್ಯ. ಸೂತ್ರವನ್ನು ತಯಾರಕರಿಂದ ಮತ್ತೆ ಪಡೆಯಬಹುದು, ಗಣವನ್ನು ಯಾರೂ ಕೊಡಲಾರರು. ಉತ್ತಮ ಯಂತ್ರಗಳಲ್ಲಿ ಎರಡು ಪಾಠಗಳಿಗೆ ಸ್ಥಳವಿದ್ದು, ಹೊಸದು ಖಾಲಿಯಿರುವ ಕೋಣೆಯಲ್ಲಿ ಲಿಖಿತವಾಗುವುದು. ಅದು ನಡೆಯದಿದ್ದರೆ ಯಂತ್ರವು ಹಳೆಯದಕ್ಕೆ ಮರಳುವುದು. ಒಂದೇ ಕೋಣೆಯುಳ್ಳ ಯಂತ್ರದಲ್ಲಿ ಬರೆಯುವ ನಡುವೆ ವಿದ್ಯುತ್ತು ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ, ಯಂತ್ರವು ಕಲ್ಲಾಗುವುದು.

ನಾಲ್ಕನೆಯದು ದೇಶಕಾಲಗಳ ವಿವೇಚನೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿಯುವುದು. ಗಾಳಿಗೆ ಮರ ಬಿದ್ದು ವಿದ್ಯುತ್ತು ಕಡಿಯುವುದು ಆ ತಿಂಗಳುಗಳಲ್ಲಿ ಅಪರೂಪವಲ್ಲ. 2024ನೆಯ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವು 66ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲೆ ಜರಿದು ಗಂಗಾವಳಿಗೆ ಇಳಿಯಿತು. ಜೀವಹಾನಿಯಾಯಿತು, ಹೆದ್ದಾರಿಯ ಸಂಚಾರ ನಿಂತಿತು. ದಾರಿ ಮುಚ್ಚಿದ ದಿನ ಒಂದು ಕರೆಯ ಬೆಲೆಯೇನೆಂಬುದನ್ನು ಈ ತೀರದವರಿಗೆ ವಿವರಿಸಬೇಕಾಗಿಲ್ಲ. ಆಸ್ಪತ್ರೆಯ ದೂರವಾಣಿಯು ಅರೆಬರೆದ ಪಾಠದಿಂದ ಮೂಕವಾಗಿ ಕುಳಿತಿರುವುದಕ್ಕೆ ಅಂತಹ ದಿನವು ತಕ್ಕದ್ದಲ್ಲ. ಆದುದರಿಂದ ತಡೆಯಬಹುದಾದ ಪರಿಷ್ಕರಣವನ್ನು ಮಳೆಗಾಲ ಕಳೆದ ಬಳಿಕ, ಇಲ್ಲವೆ ಅದು ಹಿಡಿಯುವ ಮೊದಲೇ, ಕೆಲಸ ಕಡಿಮೆಯಿರುವ ಹೊತ್ತಿನಲ್ಲಿ, ಬ್ಯಾಟರಿಯ ಬೆಂಬಲದೊಡನೆ ನಡೆಯಿಸತಕ್ಕದ್ದು. ತಡೆಯಲಾಗದುದಾದರೆ ಮಳೆಗಾಲದಲ್ಲಿಯೂ ಮಾಡಬೇಕು; ಆಗ ಬ್ಯಾಟರಿಯನ್ನು ಮೊದಲು ಪರೀಕ್ಷಿಸಿ, ಕೈಯಲ್ಲಿ ಬೇರೊಂದು ಕರೆಮಾರ್ಗವನ್ನು ಇಟ್ಟುಕೊಂಡಿರಬೇಕು.

ಐದನೆಯದು ಅನುಕ್ರಮ. ಮೊದಲು ಒಂದು ದೂರವಾಣಿ, ಕೆಲವು ದಿನಗಳ ಮೇಲೆ ಒಂದು ವಿಭಾಗ, ಕೊನೆಯಲ್ಲಿ ಎಲ್ಲವೂ. ಪ್ರತಿಯೊಂದು ಹಂತದಲ್ಲಿಯೂ ಒಳಕರೆ, ಹೊರಕರೆ, ಕರೆಯ ವರ್ಗಾವಣೆ, ಎರಡು ಕಡೆಯ ಧ್ವನಿ ಇವುಗಳನ್ನು ಪರೀಕ್ಷಿಸಬೇಕು. ಕಾರವಾರದಿಂದ 08388 ಸೇರಿಸಿ ಅಂಕೋಲೆಗೆ, ಅಂಕೋಲೆಯಿಂದ 08382 ಸೇರಿಸಿ ಕಾರವಾರಕ್ಕೆ, ಸೊನ್ನೆ ಸೇರಿಸಿ ಮೊಬೈಲಿಗೆ ಕರೆ ಹೋಗುವುದೇ ಎಂದು ನೋಡಬೇಕು. ಆಪತ್ತಿನ 112ಕ್ಕೆ ಹೋಗುವ ಮಾರ್ಗವನ್ನು ಪಟ್ಟಿಯಲ್ಲಿ ತಪ್ಪದೆ ಪರಿಶೀಲಿಸಬೇಕು. ಆದರೆ ಸಂಬಂಧಪಟ್ಟವರಿಗೆ ತಿಳಿಸದೆ ಪರೀಕ್ಷೆಗೆಂದು ಆ ಸಂಖ್ಯೆಗೆ ಕರೆಮಾಡಿ, ನಿಜವಾದ ಆರ್ತನ ಹೊತ್ತನ್ನು ಕಳೆಯಬಾರದು.

ಒಟ್ಟಿನಲ್ಲಿ ಹೇಳುವುದಾದರೆ, ಸ್ಥಿರಪಾಠದ ಪರಿಷ್ಕರಣವು ಯಂತ್ರಕರ್ಮವೆಂದು ತೋರಿದರೂ ತತ್ತ್ವತಃ ಅದು ಗ್ರಂಥಸಂಪಾದನೆಯ ಜಾತಿಗೆ ಸೇರಿದ್ದು. ಮೂಲವನ್ನು ಪರೀಕ್ಷಿಸುವುದು, ಹಳೆಯದನ್ನು ಕಾಪಾಡುವುದು, ಟಿಪ್ಪಣಿಯನ್ನು ಓದುವುದು, ಆತುರಪಡದಿರುವುದು ಎಂಬ ಗುಣಗಳು ಎರಡು ಕಡೆಯೂ ಸಮಾನ. ಭೇದವಿಷ್ಟೇ: ಗ್ರಂಥದಲ್ಲಿ ಉಳಿದ ತಪ್ಪನ್ನು ಮುಂದಿನ ತಲೆಮಾರಿನ ವಿದ್ವಾಂಸರು ತಿದ್ದಬಹುದು, ಇಲ್ಲಿಯ ತಪ್ಪು, ಯಾರೋ ಒಬ್ಬನು ನೆರವಿಗಾಗಿ ದೂರವಾಣಿಯನ್ನು ಕೈಗೆತ್ತಿಕೊಂಡ ಆ ಗಳಿಗೆಯಲ್ಲಿಯೇ ಪ್ರಕಟವಾಗುವುದು. ಪಾಠವು ಎಷ್ಟು ಹೊಸದೆಂಬುದರಿಂದಲ್ಲ, ಆ ಕರೆಯು ತಲಪಬೇಕಾದಲ್ಲಿಗೆ ತಲಪಿತೇ ಎಂಬುದರಿಂದಲೇ ಪರಿಷ್ಕರಣದ ಸಾಧುತ್ವವನ್ನು ನಿರ್ಣಯಿಸತಕ್ಕದ್ದು.