ಸೆಲಿಡೋನಿಯಾ ಭೂಶಿರದ ನೌಕಾಯುದ್ಧ

ಸಂಖ್ಯಾಬಲವೊಂದೇ ಜಯಕ್ಕೆ ಕಾರಣವೆಂದು ನಂಬುವವರು 1616ನೆಯ ಇಸವಿಯ ಜುಲೈ ತಿಂಗಳಿನ ಈ ವೃತ್ತಾಂತವನ್ನು ಗಮನಿಸಬೇಕು. ಇಟಲಿಯಲ್ಲಿ ಸ್ಪೇನ್ ದೊರೆಯ ಪ್ರತಿನಿಧಿಯಾಗಿದ್ದ ಒಸೂನಾ ಡ್ಯೂಕನು ಸಜ್ಜುಗೊಳಿಸಿದ ಐದು ದೊಡ್ಡ ಹಾಯಿಹಡಗುಗಳೂ ಒಂದು ಚಿಕ್ಕ ಹಡಗೂ, ಫ್ರಾನ್ಸಿಸ್ಕೋ ದೆ ರಿಬೇರಾ ಎಂಬವನ ನಾಯಕತ್ವದಲ್ಲಿ, ಸೈಪ್ರಸ್ ದ್ವೀಪದ ಬಳಿ ತುರ್ಕರ ಹಡಗುಗಳನ್ನು ಸೂರೆಗೊಳ್ಳುತ್ತಿದ್ದುವು. ಇವನ್ನು ದಂಡಿಸಲು 55 ಗ್ಯಾಲಿಗಳು ಬಂದುವು.

ಗ್ಯಾಲಿಯೆಂಬುದು ಹುಟ್ಟುಹಾಕಿ ನಡೆಯಿಸುವ ತಗ್ಗಾದ ಯುದ್ಧನೌಕೆ. ಎರಡು ಪಕ್ಕಗಳನ್ನೂ ಹುಟ್ಟುಗಳೇ ಆಕ್ರಮಿಸುವುದರಿಂದ ಅದರ ಫಿರಂಗಿಗಳಿಗೆ ಮುಂಭಾಗದಲ್ಲಿ ಮಾತ್ರ ಎಡೆಯುಂಟು. ಎತ್ತರವಾದ ಹಾಯಿಹಡಗಿಗಾದರೋ ಪಕ್ಕಗಳಲ್ಲಿಯೇ ಫಿರಂಗಿಗಳ ಸಾಲು. ಆದರೆ ಗಾಳಿ ನಿಂತೊಡನೆ ಅದು ಕದಲಲಾರದು. ಒಂಟಿಯಾದ ಹಡಗನ್ನು ಗ್ಯಾಲಿಗಳು ಮುತ್ತಿಬಿಡುವುವು. ಇದನ್ನರಿತ ರಿಬೇರಾ ತನ್ನ ಹಡಗುಗಳನ್ನು ಒತ್ತಾಗಿ ನಿಲ್ಲಿಸಿ ಸರಪಣಿಯಿಂದ ಬಿಗಿಸಿದನು. ಈ ಯುಕ್ತಿಯನ್ನು ನಾವು ಅವನ ಶೌರ್ಯಕ್ಕಿಂತಲೂ ಮಿಗಿಲಾಗಿ ಮೆಚ್ಚುತ್ತೇವೆ.

ಜುಲೈ 14ರಿಂದ ಮೂರು ದಿನ ಯುದ್ಧ ನಡೆಯಿತು. ತುರ್ಕರ ಶೌರ್ಯದಲ್ಲಿ ಕೊರತೆಯಿರಲಿಲ್ಲ. ಮತ್ತೆ ಮತ್ತೆ ಮೇಲೆ ಬಿದ್ದರು, ಗುಂಡಿನ ಮಳೆಗೆ ಮತ್ತೆ ಮತ್ತೆ ಹಿಮ್ಮೆಟ್ಟಿದರು. ಸ್ಪೇನಿನವರ ಲೆಕ್ಕದಂತೆ ಹತ್ತು ಗ್ಯಾಲಿಗಳು ಮುಳುಗಿದುವು. ಗೆದ್ದವರ ಲೆಕ್ಕವೆಂಬುದನ್ನು ವಾಚಕರು ಮರೆಯಬಾರದು. ರಿಬೇರಾನಿಗೆ ನೌಕಾಧಿಪತಿಯ ಪದವಿ ದೊರೆಯಿತು.

ಆ ಕಾಲದ ತುರ್ಕಿ ಗ್ಯಾಲಿಗಳಲ್ಲಿ ಹುಟ್ಟುಹಾಕುತ್ತಿದ್ದವರಲ್ಲಿ ಸಂಕೋಲೆ ತೊಟ್ಟ ಸೆರೆಯಾಳುಗಳಿದ್ದರು, ಅವರಲ್ಲಿ ಕ್ರೈಸ್ತರೂ ಇದ್ದರು. ಗ್ಯಾಲಿಯು ಮುಳುಗಿದರೆ ಅವರಿಗೆ ಈಜಲೂ ಅವಕಾಶವಿರಲಿಲ್ಲ.