ಅಟ್ಟದ ಮೇಲಿನ ಶೇರು ಪತ್ರ ರದ್ದಿಯಲ್ಲ

ನಮ್ಮ ಕಡೆಯ ಕೃಷಿಕರಿಗೆ ಶೇರು ಎಂದರೆ ಸೊಸೈಟಿಯ ಶೇರು. ಕಂಪನಿ ಶೇರು ಪೇಟೆಯವರ ವ್ಯವಹಾರ ಎಂದೇ ಲೆಕ್ಕ. ಆದರೆ ಅಡಿಕೆಗೆ ಒಳ್ಳೆ ಧಾರಣೆ ಸಿಕ್ಕಿದ ವರ್ಷ, ಪರಿಚಯದವರ ಮಾತು ಕೇಳಿ ಐವತ್ತೋ ನೂರೋ ಶೇರು ಕೊಂಡ ಹಿರಿಯರು ಹಳ್ಳಿಗಳಲ್ಲೂ ಇದ್ದರು. ಅವರು ಹೋದ ಮೇಲೆ ಆ ಕಾಗದ ಅಟ್ಟದಲ್ಲಿ ಗೆದ್ದಲಿನ ಪಾಲು.

ನನ್ನ ಅಪ್ಪ 1986ರಲ್ಲಿ ಒಂದು ಕಂಪನಿಯ 10 ರೂಪಾಯಿ ಮುಖಬೆಲೆಯ 50 ಶೇರು ಕೊಂಡಿದ್ದರು. 2004ರಲ್ಲಿ ತೀರಿಕೊಂಡರು. 2021ರಲ್ಲಿ ಮಾಡಿನ ಪಕ್ಕಾಸು ಬದಲಿಸಲೆಂದು ಅಟ್ಟ ಖಾಲಿ ಮಾಡುವಾಗ ತೀರ್ವೆ ರಶೀದಿಗಳ ಕಟ್ಟಿನೊಳಗೆ ಸರ್ಟಿಫಿಕೇಟು ಸಿಕ್ಕಿತು. "ಇಷ್ಟು ವರ್ಷ ಆದ ಮೇಲೆ ಇದಕ್ಕೆಂತ ಬೆಲೆ, ಒಲೆಗೆ ಹಾಕಿ" ಎಂದವರೇ ಹೆಚ್ಚು. ಬೆಲೆ ಇತ್ತು. ಅದನ್ನು ಬಿಡಿಸಿಕೊಂಡ ಅನುಭವ ಇತರರಿಗೂ ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇನೆ.

ಶೇರು ಎಲ್ಲಿಗೆ ಹೋಗುತ್ತದೆ?

2013ರ ಕಂಪನಿ ಕಾಯಿದೆಯ ಪ್ರಕಾರ, 7 ವರ್ಷ ಯಾರೂ ಪಡೆಯದ ಡಿವಿಡೆಂಡ್ ಕೇಂದ್ರ ಸರಕಾರದ 'ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿ'ಗೆ ಹೋಗುತ್ತದೆ. ಇದಕ್ಕೆ ಐಇಪಿಎಫ್ ಎಂದು ಹೆಸರು. ಸತತ 7 ವರ್ಷ ಡಿವಿಡೆಂಡ್ ಪಡೆಯದೇ ಇದ್ದರೆ ಶೇರು ಕೂಡ ಅಲ್ಲಿಗೇ. ಕಂಪನಿ ಮೊದಲೇ ನೋಟೀಸು ಕಳಿಸಬೇಕು, ಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು. ಆದರೆ ನೋಟೀಸು ಹೋಗುವುದು ಹಳೆ ವಿಳಾಸಕ್ಕೆ, ತೀರಿಕೊಂಡವರ ಹೆಸರಿಗೆ.

ನೆನಪಿಡಬೇಕಾದ ಮಾತೆಂದರೆ, ನಿಧಿಗೆ ಹೋದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ವಾಪಸು ಕೇಳಲು ಕೊನೆಯ ದಿನಾಂಕ ಅಂತ ಇಲ್ಲ. ನಂತರ ಬಂದ ಬೋನಸ್ ಶೇರು, ಡಿವಿಡೆಂಡ್ ಕೂಡ ನಿಮ್ಮ ಲೆಕ್ಕದಲ್ಲೇ ಇರುತ್ತದೆ.

ಕಂಪನಿ ಈಗ ಎಲ್ಲಿದೆ?

ಪತ್ರದಲ್ಲಿರುವ ಹೆಸರಿನ ಕಂಪನಿ ಈಗ ಇಲ್ಲ ಎಂದು ಕೈಬಿಡಬೇಡಿ. ನಮ್ಮ ಜಿಲ್ಲೆಗಳ ಬ್ಯಾಂಕುಗಳನ್ನೇ ನೋಡಿ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡದೊಳಗೆ ಸೇರಿತು. 1000 ಶೇರಿಗೆ ಬರೋಡದ 402 ಕೊಟ್ಟರು. 2020ರಲ್ಲಿ ಕಾರ್ಪೊರೇಶನ್ ಬ್ಯಾಂಕಿನ 1000 ಶೇರಿಗೆ ಯೂನಿಯನ್ ಬ್ಯಾಂಕಿನ 330, ಸಿಂಡಿಕೇಟ್ ಬ್ಯಾಂಕಿನ 1000ಕ್ಕೆ ಕೆನರಾ ಬ್ಯಾಂಕಿನ 158. ಕೆನರಾದ ಒಂದು ಶೇರನ್ನು 2024ರಲ್ಲಿ ಐದಾಗಿ ಒಡೆದರು, 158 ಇದ್ದದ್ದು 790 ಆಯಿತು. ಮಂಗಳೂರಿನ ರಸಗೊಬ್ಬರ ಕಾರ್ಖಾನೆ ಎಂಸಿಎಫ್ 2025ರಲ್ಲಿ ಪಾರಾದೀಪ್ ಫಾಸ್ಫೇಟ್ಸ್ ಜತೆ ವಿಲೀನವಾಗಿದೆ. ಹೆಸರು ಬದಲಾದರೂ ಲೆಕ್ಕ ಮುಂದುವರಿಯುತ್ತದೆ.

ಎರಡು ಎಚ್ಚರ. ಕೆನರಾ, ಸಿಂಡಿಕೇಟ್ ರಾಷ್ಟ್ರೀಕರಣವಾದದ್ದು 1969ರಲ್ಲಿ. ವಿಜಯಾ, ಕಾರ್ಪೊರೇಶನ್ 1980ರಲ್ಲಿ. ಅದಕ್ಕಿಂತ ಹಿಂದಿನ ಪತ್ರ ಈಗಿನ ಬ್ಯಾಂಕಿನ ಶೇರಲ್ಲ. ಹಾಗೆಯೇ ಸಹಕಾರಿ ಸಂಘದ ಶೇರು ಈ ಕಾಯಿದೆಯೊಳಗೆ ಬರುವುದಿಲ್ಲ, ಅದಕ್ಕೆ ಸಂಘದಲ್ಲೇ ವಿಚಾರಿಸಬೇಕು.

ಮೊದಲು ಒಂದು ಪತ್ರ

ಕಂಪನಿಯ ಶೇರುದಾರರ ಪಟ್ಟಿ ನೋಡಿಕೊಳ್ಳಲು ರಿಜಿಸ್ಟ್ರಾರ್ ಎಂಬ ಬೇರೆ ಸಂಸ್ಥೆ ಇರುತ್ತದೆ. ವಿಳಾಸ ಕಂಪನಿಯ ಜಾಲತಾಣದಲ್ಲಿ, ವಾರ್ಷಿಕ ವರದಿಯಲ್ಲಿ ಸಿಗುತ್ತದೆ. ನಾನು ಕಾಲೇಜಿಗೆ ಹೋಗುವ ಮಗಳಿಂದ ಹುಡುಕಿಸಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಾಗದ ಹಾಕಿದೆ. ಕೇಳಿದ್ದು ಮೂರೇ ಪ್ರಶ್ನೆ: ಈ ಫೋಲಿಯೋದಲ್ಲಿ ಈಗ ಎಷ್ಟು ಶೇರು ಉಂಟು? ಐಇಪಿಎಫ್‌ಗೆ ಹೋಗಿದೆಯೇ? ಬಾಕಿ ಡಿವಿಡೆಂಡ್ ಎಷ್ಟು? ಉತ್ತರ ಬಂತು. 50 ಶೇರು ಬೋನಸ್ ಸೇರಿ 100 ಆಗಿತ್ತು. ನಿಧಿಗೆ ಹೋಗಿತ್ತು.

ಸರ್ಟಿಫಿಕೇಟು ಕಳೆದಿದ್ದರೂ ಹೆದರಬೇಡಿ. ಡಿವಿಡೆಂಡ್ ವಾರಂಟಿನ ತುಂಡು, ಕಂಪನಿಯ ಹಳೆ ಪತ್ರ, ಪಾಸ್‌ಬುಕ್ಕಿನ ಒಂದು ಸಾಲು, ಯಾವುದಾದರೂ ಸುಳಿವಾಗುತ್ತದೆ. ಐಇಪಿಎಫ್ ಜಾಲತಾಣದಲ್ಲಿ ಹೆಸರು ಹಾಕಿಯೂ ಹುಡುಕಬಹುದು.

ಹೆಸರಿನ ತೊಡಕು

ನಮ್ಮಲ್ಲಿ ಒಬ್ಬರಿಗೆ ಮೂರು ಹೆಸರು. ಶೇರು ಪತ್ರದಲ್ಲಿ ಅಪ್ಪನ ಇನಿಶಿಯಲ್ ಮುಂದೆ, ಮರಣಪತ್ರದಲ್ಲಿ ಹಿಂದೆ, ಆರ್‌ಟಿಸಿಯಲ್ಲಿ ಮನೆತನದ ಹೆಸರು ಬೇರೆ. ಮೂವರೂ ಒಬ್ಬರೇ ಎಂದು ನೋಟರಿ ಎದುರು ಅಫಿಡವಿಟ್ ಮಾಡಿಸಬೇಕಾಯಿತು. ಉಳಿದಂತೆ ಬೇಕಾದದ್ದು ಮರಣಪತ್ರ, ನಾಡಕಚೇರಿಯ ವಂಶವೃಕ್ಷ, ಪಾನ್, ಆಧಾರ್, ಬ್ಯಾಂಕಿನವರು ಸಹಿ ದೃಢೀಕರಿಸಿದ ಫಾರಂ, ಸ್ಟಾಂಪು ಕಾಗದದಲ್ಲಿ ನಷ್ಟಭರ್ತಿ ಬಾಂಡು. ಮೊತ್ತ ದೊಡ್ಡದಾದರೆ ಕೋರ್ಟಿನ ವಾರಸು ಪ್ರಮಾಣಪತ್ರ ಕೇಳುತ್ತಾರೆ. ಜಂಟಿ ಹೆಸರಿದ್ದು ಒಬ್ಬರು ಬದುಕಿದ್ದರೆ ಕೆಲಸ ಬಹಳ ಹಗುರ.

ಕಾಗದದ ಶೇರನ್ನು ಈಗ ಹಾಗೆಯೇ ಮಾರಲಾಗದು. 2019ರ ಏಪ್ರಿಲ್‌ನಿಂದ ಡಿಮ್ಯಾಟ್ ಖಾತೆ ಬೇಕೇ ಬೇಕು. ದಾಖಲೆ ಸರಿಯಿದ್ದರೆ ಕಂಪನಿ ಹಕ್ಕುಪತ್ರ ಕೊಡುತ್ತದೆ. ಅದನ್ನಿಟ್ಟು ಐಇಪಿಎಫ್-5 ಎಂಬ ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಿಸಬೇಕು. ಅರ್ಜಿಗೆ ಶುಲ್ಕವಿಲ್ಲ. ಒಂದು ಕಂಪನಿಗೆ ಒಂದು ಆರ್ಥಿಕ ವರ್ಷದಲ್ಲಿ ಒಂದೇ ಅರ್ಜಿ, ಹಾಗಾಗಿ ಎಲ್ಲವನ್ನೂ ಒಟ್ಟಿಗೇ ಕೇಳಿ. ಕಂಪನಿ ತಿಂಗಳುಗಟ್ಟಲೆ ಉತ್ತರ ಕೊಡದಿದ್ದರೆ ಸೆಬಿಯ 'ಸ್ಕೋರ್ಸ್' ವ್ಯವಸ್ಥೆಯಲ್ಲಿ ದೂರು ಕೊಡಬಹುದು.

ತಡವಾದಷ್ಟು ಸಹಿ ಜಾಸ್ತಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಮನೆಯವರ ಸಹಿ. ಅಪ್ಪ ತೀರಿಕೊಂಡಾಗ ವಾರಸುದಾರರು ಐದು ಜನ: ಅಮ್ಮ, ಅಣ್ಣ, ಅಕ್ಕ, ನಾನು, ತಂಗಿ. 2015ರಲ್ಲಿ ಅಣ್ಣನೂ ಹೋದ. ಈಗ ಅತ್ತಿಗೆ, ಅಣ್ಣನ ಇಬ್ಬರು ಮಕ್ಕಳು ಸೇರಿ ಏಳು. ಅದರಲ್ಲಿ ಒಬ್ಬ ಮಸ್ಕತ್ತಿನಲ್ಲಿ. ಅವನ ಒಪ್ಪಿಗೆ ಪತ್ರ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮುದ್ರೆ ಹಾಕಿಸಿಕೊಂಡು ಬರಲು ಮೂರು ತಿಂಗಳಾಯಿತು. ನಿಧಿಯಲ್ಲಿ ಶೇರು ಹಾಳಾಗುವುದಿಲ್ಲ, ಆದರೆ ಒಂದೊಂದು ಸಾವಿಗೂ ಒಂದೊಂದು ಹೊಸ ವಂಶವೃಕ್ಷ.

ಹೆಣ್ಣುಮಕ್ಕಳಿಂದ ಸಹಿ ಮಾತ್ರ ತೆಗೆದುಕೊಳ್ಳುವ ರೂಢಿ ಕೆಲವೆಡೆ ಉಂಟು. ಅಪ್ಪ ಉಯಿಲು ಬರೆದಿಡದಿದ್ದರೆ ಹಿಂದೂ ವಾರಸಾ ಕಾಯಿದೆಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ನಾನು ಫೋನು ಮಾಡಿದಾಗ ಅಕ್ಕ ಹೇಳಿದಳು: "ಸಹಿ ಎಲ್ಲಿ ಬೇಕಾದರೂ ಹಾಕ್ತೇನೆ ಮಾರಾಯ, ಲೆಕ್ಕ ಮಾತ್ರ ಅಮ್ಮನ ಎದುರು ಹೇಳು." ಹಾಗೆಯೇ ಮಾಡಿದೆವು. ಎಲ್ಲರ ಒಪ್ಪಿಗೆಯಿಂದ ಶೇರು ನನ್ನ ಖಾತೆಗೆ, ಮಾರಿದ ಹಣ ಐದು ಪಾಲು ಎಂದು ಮೊದಲೇ ಬರೆದಿಟ್ಟೆವು. ಅಣ್ಣನ ಪಾಲು ಅತ್ತಿಗೆಗೆ.

2024ರಲ್ಲಿ ಶೇರು ಖಾತೆಗೆ ಬಂತು. ಡಿವಿಡೆಂಡ್ ಸೇರಿ ಒಟ್ಟು 1,28,000 ರೂಪಾಯಿ. ಸ್ಟಾಂಪು, ನೋಟರಿ, ಅಂಚೆ, ಓಡಾಟ ಅಂತ ನನಗಾದ ಖರ್ಚು 4,500ರ ಹತ್ತಿರ. ನಡುವೆ ಒಬ್ಬ ಏಜೆಂಟ್ ಫೋನು ಮಾಡಿ "ಎಲ್ಲ ನಾವೇ ಮಾಡಿಕೊಡ್ತೇವೆ, ಶೇಕಡಾ 25 ಕೊಡಿ" ಎಂದಿದ್ದ. ಪಡೆಯದ ಡಿವಿಡೆಂಡಿನ ಪಟ್ಟಿಗಳು ಬಹಿರಂಗವಾಗಿರುವುದರಿಂದ ಇಂಥವರಿಗೆ ಹೆಸರು ಸಿಗುತ್ತದೆ. ಒಪ್ಪಿದ್ದರೆ 32,000 ಅವನಿಗೆ ಹೋಗುತ್ತಿತ್ತು. ಖಾಲಿ ಕಾಗದಕ್ಕೆ ಸಹಿ, ಮೂಲ ಸರ್ಟಿಫಿಕೇಟು, ಓಟಿಪಿ ಯಾರಿಗೂ ಕೊಡಬೇಡಿ. ಲೆಕ್ಕಪತ್ರ ತಿಳಿದ ಊರಿನವರೊಬ್ಬರ ಸಹಾಯ ಸಾಕು.

ಈ ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆ ಇರುವಾಗ ಪೆಟ್ಟಿಗೆ ಬಿಚ್ಚಿ ನೋಡಿ. ಹಿರಿಯರು ಇದ್ದರೆ ಅವರನ್ನು ಹತ್ತಿರ ಕೂರಿಸಿಕೊಂಡು ಕೇಳಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ನಿಮ್ಮ ಹೆಸರಿನಲ್ಲಿರುವ ಠೇವಣಿ, ಶೇರು, ವಿಮೆಗಳನ್ನು ಒಂದು ಹಾಳೆಯಲ್ಲಿ ಬರೆದು, ನಾಮಿನಿ ಹೆಸರು ಹಾಕಿಸಿ, ಆ ಹಾಳೆ ಎಲ್ಲಿದೆಯೆಂದು ಮನೆಯಾಕೆಗೂ ಮಕ್ಕಳಿಗೂ ತೋರಿಸಿಡಿ.