ರಾತ್ರಿ ಹನ್ನೊಂದಕ್ಕೆ ಬೆಟ್ಟ ಹತ್ತುವ ಊರು

ಟ್ರೊಮ್ಸೊದ ಬೇಸಿಗೆಗೆ ಸೆಕೆಯ ಸುಳಿವೇ ಇಲ್ಲ. ಜುಲೈ ತಿಂಗಳ ಸರಾಸರಿ ಉಷ್ಣಾಂಶ 12 ಡಿಗ್ರಿಯ ಆಸುಪಾಸು. ನಾವಾದರೆ ಪೆಟ್ಟಿಗೆಯಿಂದ ಸ್ವೆಟರ್ ತೆಗೆಯುವ ಆ ಚಳಿಯಲ್ಲಿ ಊರಿನವರು ಅರ್ಧ ತೋಳಿನ ಅಂಗಿ ತೊಟ್ಟು ಕಡಲ ದಂಡೆಯಲ್ಲಿ ಸಾಸೇಜು ಸುಡುತ್ತ ಕೂರುತ್ತಾರೆ. ಉತ್ತರ ನಾರ್ವೆಯ ಈ ಊರು ಆರ್ಕ್‌ಟಿಕ್ ವೃತ್ತದಿಂದ ಸುಮಾರು 350 ಕಿ.ಮೀ. ಉತ್ತರಕ್ಕಿದೆ. ನವೆಂಬರ್ ಕೊನೆಯಿಂದ ಜನವರಿಯ ನಡುವಿನವರೆಗೆ ಇಲ್ಲಿ ಸೂರ್ಯ ಹುಟ್ಟುವುದಿಲ್ಲ. ಮೇ 20ರ ಸುಮಾರಿಗೆ ಮೇಲೆದ್ದವನು ಜುಲೈ 22ರ ತನಕ ಮುಳುಗುವುದಿಲ್ಲ. ಆಕಾಶದ ಬಣ್ಣದ ಬೆಳಕು ನೋಡಲೆಂದು ಪ್ರವಾಸಿಗರು ದುಡ್ಡು ಸುರಿದು ಬರುವುದು ಚಳಿಗಾಲದಲ್ಲಿ. ಊರಿನವರು ಹೇಗೆ ಕಾಲ ಕಳೆಯುತ್ತಾರೆ ಎಂದು ನೋಡಬೇಕಿದ್ದರೆ ಬೇಸಿಗೆಯಲ್ಲಿ ಹೋಗಬೇಕು.

ನಾರ್ವೆ ದುಬಾರಿ ದೇಶ. ಹೋಟೆಲಿನ ಬಿಲ್ಲು ನೋಡಿದರೆ ಹಸಿವೇ ಹೋಗುತ್ತದೆ. ಆದರೆ ಊರ ಹೊರಗಿನ ತಿರುಗಾಟಕ್ಕೆ ಬಿಡಿಗಾಸೂ ಬೇಡ. ಅದಕ್ಕೆ ಕಾರಣ ಜನರ ಔದಾರ್ಯವಲ್ಲ, ಒಂದು ಕಾಯಿದೆ. ಕಾಡು ಬೆಟ್ಟಗಳಲ್ಲಿ ಯಾರು ಬೇಕಾದರೂ ಓಡಾಡಬಹುದೆಂಬ ಹಳೆಯ ರೂಢಿಯನ್ನು ನಾರ್ವೆ 1957ರಲ್ಲಿ ಬರಹಕ್ಕಿಳಿಸಿತು. ಉತ್ತ ಹೊಲ, ಹಿತ್ತಿಲು, ಮನೆಯಂಗಳ ಬಿಟ್ಟರೆ ಉಳಿದ ಕಾಡು, ಗುಡ್ಡ, ದಂಡೆ ಯಾರ ಹೆಸರಿನಲ್ಲಿದ್ದರೂ ಕಾಲ್ನಡಿಗೆಯವರನ್ನು ತಡೆಯುವಂತಿಲ್ಲ. ಜನವಸತಿಯ ಮನೆಯಿಂದ 150 ಮೀಟರ್ ದೂರವಿದ್ದರೆ ಗುಡಾರ ಹೂಡಬಹುದು; ಒಂದೇ ಜಾಗದಲ್ಲಿ ಎರಡು ರಾತ್ರಿಯವರೆಗೆ ಮಾಲೀಕನನ್ನು ಕೇಳಬೇಕಿಲ್ಲ. ಸಮುದ್ರದಲ್ಲಿ ಗಾಳ ಹಾಕಲು ಪರವಾನಗಿ ಬೇಡ. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಾಗಲಿ ಅದರ ಅಂಚಿನಲ್ಲಾಗಲಿ ಬೆಂಕಿ ಹಾಕಬಾರದು. ಬೆಂಕಿ ಹಬ್ಬುವ ಭಯವಿಲ್ಲದ ನೀರಂಚಿನ ಕಲ್ಲುಗಳ ಮೇಲೆ ಅಡ್ಡಿಯಿಲ್ಲ.

ಈ ಕಾಯಿದೆಯಲ್ಲಿ ನನಗೆ ಬಲು ಇಷ್ಟವಾದದ್ದು ಹಣ್ಣಿನ ಕಲಮು. ಜೌಗುನೆಲದಲ್ಲಿ ಬೆಳೆಯುವ ಕ್ಲೌಡ್‌ಬೆರಿ ಎಂಬ ಕಿತ್ತಳೆ ಬಣ್ಣದ ಕಾಡುಹಣ್ಣಿಗೆ ಉತ್ತರದವರು ಜೀವ ಬಿಡುತ್ತಾರೆ. ಎಲ್ಲಿ ಸಿಗುತ್ತದೆಂದು ನೆಂಟರಿಗೂ ಹೇಳುವುದಿಲ್ಲವಂತೆ. ಉಳಿದ ಕಾಡುಹಣ್ಣುಗಳನ್ನು ಯಾರಾದರೂ ಬುಟ್ಟಿ ತುಂಬಿಕೊಳ್ಳಬಹುದು. ಈ ಒಂದು ಹಣ್ಣಿನ ಮಟ್ಟಿಗೆ ಮಾತ್ರ, ಅದೂ ಉತ್ತರದ ಪ್ರಾಂತ್ಯಗಳಲ್ಲಿ ಮಾತ್ರ, ನೆಲದ ಒಡೆಯ ಕೀಳಬೇಡಿ ಎನ್ನಬಹುದು. ಆದರೂ ನಿಂತಲ್ಲೇ ಕಿತ್ತು ಬಾಯಿಗೆ ಹಾಕಿಕೊಂಡರೆ ಅವನು ತಕರಾರು ಮಾಡುವಂತಿಲ್ಲ. ಒಡೆತನಕ್ಕೂ ಬಾಯಿಚಪಲಕ್ಕೂ ನಡುವೆ ಇಷ್ಟು ಅಚ್ಚುಕಟ್ಟಾಗಿ ರಾಜಿ ಮಾಡಿಸಿದ ಕಾನೂನು ಬೇರೆ ಎಲ್ಲಿದೆಯೋ.

ಊರಿನ ನಡುಭಾಗ ಇರುವುದು ಒಂದು ದ್ವೀಪದ ಮೇಲೆ. 1960ರಲ್ಲಿ ಕಟ್ಟಿದ, ಒಂದು ಕಿಲೋಮೀಟರಿಗೂ ಉದ್ದದ ಸೇತುವೆಯನ್ನು ನಡೆದು ದಾಟಿದರೆ ಎದುರಿಗೇ 1965ರ ಆರ್ಕ್‌ಟಿಕ್ ಕೆಥೆಡ್ರಲ್, ಅದರ ಹಿಂದೆ ಸ್ಟೋರ್‌ಸ್ಟೈನೆನ್ ಬೆಟ್ಟ. 421 ಮೀಟರ್ ಎತ್ತರದ ಅಂಚಿಗೆ 1961ರಿಂದ ರೋಪ್‌ವೇ ಓಡುತ್ತಿದೆ. ನಾಲ್ಕು ನಿಮಿಷದ ದಾರಿ. ಟಿಕೆಟ್ಟು ಸಸ್ತಾ ಏನಲ್ಲ. ಆದ್ದರಿಂದ, ಮತ್ತು ಮೈ ಬೆವರಿಸದ ತಿರುಗಾಟ ಇಲ್ಲಿನವರಿಗೆ ಒಗ್ಗದ ಕಾರಣ, ಊರಿನವರು ಹತ್ತುವುದು ಮೆಟ್ಟಿಲುಗಳನ್ನು.

ಮೆಟ್ಟಿಲುಗಳು ಸುಮಾರು 1200. ಕಟ್ಟಿದವರು ನೇಪಾಳದ ಶೆರ್ಪಾಗಳು. ಹೆಸರೂ ಶೆರ್ಪಾ ಮೆಟ್ಟಿಲು ಎಂದೇ. ಹಿಂದೆ ಇಲ್ಲಿದ್ದದ್ದು ಬರಿಯ ಕಾಲುದಾರಿ. ಜನ ಹೆಚ್ಚಾದಂತೆ ಮಣ್ಣು ಕಿತ್ತು, ಕೆಸರು ತಪ್ಪಿಸಲು ಪಕ್ಕದಲ್ಲಿ ಇನ್ನೊಂದು ಜಾಡು ಬಿದ್ದು, ಗುಡ್ಡದ ಮೈ ಅಗಲಕ್ಕೂ ಗಾಯವಾಗುತ್ತಿತ್ತು. ನಾರ್ವೆಯ ಬೇರೆ ಬೇರೆ ಬೆಟ್ಟಗಳಲ್ಲೂ ಇದೇ ಪಾಡು. ಅದಕ್ಕೆ ಸಿಕ್ಕ ಪರಿಹಾರ ಹಿಮಾಲಯದ ಕೈಚಳಕ. ಈ ಶತಮಾನದ ಆರಂಭದಿಂದ ಬೇಸಿಗೆ ಬಂದರೆ ಶೆರ್ಪಾ ತಂಡಗಳು ನಾರ್ವೆಗೆ ಬರತೊಡಗಿದವು. ಇವರ ಕೆಲಸದಲ್ಲಿ ಸಿಮೆಂಟಿಲ್ಲ. ದೊಡ್ಡ ಬಂಡೆಗಳನ್ನು ಹಾರೆಯಿಂದ ಮೀಟಿ, ಸುತ್ತಿಗೆಯಿಂದ ಮೂಲೆ ಹಾರಿಸಿ, ಒಂದರ ಭಾರ ಇನ್ನೊಂದರ ಮೇಲೆ ಕೂರುವಂತೆ ಜೋಡಿಸುತ್ತಾರೆ. ಸಂದಿಯಲ್ಲಿ ಮಳೆನೀರು ಇಳಿದುಹೋಗುತ್ತದೆ, ಚಳಿಯಲ್ಲಿ ನೆಲ ಹೆಪ್ಪುಗಟ್ಟಿ ಉಬ್ಬಿದರೆ ಕಲ್ಲು ತುಸು ಮಿಸುಕಿ ಮತ್ತೆ ಕೂರುತ್ತದೆ, ಸಿಮೆಂಟಾಗಿದ್ದರೆ ಬಿರಿಯುತ್ತಿತ್ತು. ಇಲ್ಲಿ ನೋಟಕ್ಕಿಂತ ಮೊದಲು ಕಾಲಡಿಯ ಈ ಕೆಲಸವನ್ನು ನೋಡಬೇಕು. ಏದುಸಿರು ಬಂದಾಗ ನಿಲ್ಲಲು ಒಳ್ಳೆಯ ನೆಪವೂ ಹೌದು.

ಬೇಸಿಗೆಯಲ್ಲಿ ರಾತ್ರಿ ಹನ್ನೊಂದಕ್ಕೆ ಮೆಟ್ಟಿಲ ಮೇಲೆ ಮಕ್ಕಳನ್ನು ಕರೆದುಕೊಂಡ ಸಂಸಾರಗಳು, ನಾಯಿ ಹಿಡಿದ ಅಜ್ಜಂದಿರು, ಕೆಲಸ ಮುಗಿಸಿ ಬಂದ ಹುಡುಗರು ಎಲ್ಲರೂ ಕಾಣಸಿಗುತ್ತಾರೆ. ಸೂರ್ಯ ಅತಿ ಕೆಳಗಿಳಿಯುವುದು ಗಡಿಯಾರದ ಹನ್ನೆರಡಕ್ಕಲ್ಲ, ಮುಕ್ಕಾಲು ಗಂಟೆ ಕಳೆದ ಮೇಲೆ. ಯುರೋಪಿನ ಬೇಸಿಗೆ ವೇಳೆ ಇಲ್ಲಿನ ಸೂರ್ಯನಿಗಿಂತ ಅಷ್ಟು ಮುಂದಿದೆ. ಜೂನ್ 21ರಂದು ಆಗಲೂ ಅವನು ದಿಗಂತದಿಂದ ಮೂರು ಡಿಗ್ರಿ ಮೇಲೆ, ನೇರ ಉತ್ತರದಲ್ಲಿ ಇರುತ್ತಾನೆ. ಮೇಲೆ ನಿಂತು ಹಿಂದಕ್ಕೆ ತಿರುಗಿದರೆ 1238 ಮೀಟರಿನ ಟ್ರೊಮ್ಸ್‌ಡಾಲ್ಸ್‌ಟಿಂಡ್ ಶಿಖರ. ಅದು ಈ ನೆಲದ ಮೂಲನಿವಾಸಿಗಳಾದ ಸಾಮಿ ಜನರಿಗೆ ಪವಿತ್ರ.

ಬೆಟ್ಟ ಬೇಡವೆಂದರೆ ದ್ವೀಪದ ಮೇಲೆಯೇ ಸಸ್ಯೋದ್ಯಾನವಿದೆ. ವಿಶ್ವವಿದ್ಯಾಲಯದವರು 1994ರಲ್ಲಿ ತೆರೆದದ್ದು. ಪ್ರವೇಶ ಶುಲ್ಕವಿಲ್ಲ, ಗೇಟು ಮುಚ್ಚುವ ಹೊತ್ತೂ ಇಲ್ಲ. ಜಗತ್ತಿನ ನಾನಾ ಕಡೆಯ ಆರ್ಕ್‌ಟಿಕ್ ಮತ್ತು ಎತ್ತರದ ಬೆಟ್ಟಗಳ ಗಿಡಗಳು ಕಲ್ಲುಗಳ ನಡುವೆ ಬೆಳೆಯುತ್ತವೆ. ಸೆಕೆ ತಾಳದ ಹಿಮಾಲಯದ ನೀಲಿ ಗಸಗಸೆ ಹೂವಿಗೆ ಈ ತಂಪು ಚೆನ್ನಾಗಿ ಹಿಡಿಸಿದೆ. ದ್ವೀಪದ ನೆತ್ತಿಯ ಪ್ರೆಸ್ಟ್‌ವಾನೆಟ್ ಕೆರೆಯ ಸುತ್ತ ಕಾಲುದಾರಿಯಿದೆ, ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಮೆಲ್ಲಗೆ ನಡೆಯಬೇಕು ಅಷ್ಟೆ. ದಕ್ಷಿಣ ತುದಿಯ ಟೆಲಿಗ್ರಾಫ್‌ಬುಕ್ತಾ ದಂಡೆಗೆ ಬಿಸಿಲು ಬಿದ್ದರೆ ಊರೇ ಬರುತ್ತದೆ. ನೀರಿಗಿಳಿಯುವವರೂ ಇದ್ದಾರೆ, ಅವರ ಕೂಗು ಕೇಳಿದರೆ ನೀರು ಎಷ್ಟು ತಣ್ಣಗಿದೆಯೆಂದು ಯಾರೂ ಹೇಳಬೇಕಿಲ್ಲ.

ಹೋಗುವವರು ಒಳ್ಳೆಯ ಮಳೆ ಅಂಗಿ ಮರೆಯಬಾರದು, ಜೂನ್‌ನಲ್ಲೂ ಬೆಟ್ಟದ ತುದಿಯಲ್ಲಿ ಹಿಮ ಉಳಿದಿರಬಹುದು. ಮಲಗಲು ಕಣ್ಣುಪಟ್ಟಿ ಬೇಕು. ಊಟಕ್ಕೆ ಅಲ್ಲಿನವರ ಪದ್ಧತಿಯೇ ಒಳ್ಳೆಯದು: ಬ್ರೆಡ್ಡಿನ ಬುತ್ತಿ, ಫ್ಲಾಸ್ಕಿನಲ್ಲಿ ಕಾಫಿ, ಮತ್ತು ಜೇಬಿನಲ್ಲಿ ಕ್ವಿಕ್ ಲುನ್ಷ್. 1937ರಿಂದ ಬರುತ್ತಿರುವ ಈ ಚಾಕೊಲೇಟಿನ ಹೊದಿಕೆಯ ಒಳಮೈಯಲ್ಲಿ ಬೆಟ್ಟ ಹತ್ತುವವರು ಪಾಲಿಸಬೇಕಾದ ನಿಯಮಗಳನ್ನು ಅಚ್ಚು ಹಾಕುವ ಪರಿಪಾಠವಿದೆ. ಹವೆ ಕೆಟ್ಟರೆ ಹಿಂದಿರುಗಲು ನಾಚಬೇಡಿ ಎಂಬುದು ಅವುಗಳಲ್ಲೊಂದು.